ಫೈನಲ್‌ಗೆ ಮಾತ್ರ ಬರುವ ನೆಂಟರಿಗೆ

ವರ್ಷಪೂರ್ತಿ ಆಟದ ಪುಟ ಮಗುಚದೆ, ಒಲಿಂಪಿಕ್ಸೋ ವಿಶ್ವಕಪ್ಪೋ ಬಂದಾಗ ಮಾತ್ರ ರಿಮೋಟ್ ಕೈಗೆತ್ತಿಕೊಳ್ಳುವವರಿಂದ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರಿಗೆಲ್ಲ ಒಂದೇ ಉತ್ತರ.

ಪ್ರಶ್ನೆ: ನಾನು ಜಾವೆಲಿನ್ ನೋಡುವುದು ಒಲಿಂಪಿಕ್ಸ್ ಬಂದರೆ ಮಾತ್ರ. ಪ್ಯಾರಿಸ್‌ನಲ್ಲಿ ನೀರಜ್ ಚೋಪ್ರಾ ಎಸೆದದ್ದೆಲ್ಲ ಫೌಲ್ ಅಂತ ತೋರಿಸುತ್ತಿದ್ದರು, ಆದರೂ ಬೆಳ್ಳಿ ಬಂತು. ಕೆಲವರು ಬೇಕೆಂದೇ ಗೆರೆ ದಾಟುವ ಹಾಗೂ ಕಾಣುತ್ತದೆ. ಇದರ ಲೆಕ್ಕಾಚಾರ ಏನು? – ಶಿಕ್ಷಕಿ, ತಿಪಟೂರು

ಬೇಕೆಂದೇ ದಾಟುವುದು ಉಂಟು. ಪ್ಯಾರಿಸ್ ಫೈನಲ್‌ನಲ್ಲಿ 12 ಮಂದಿ ಇದ್ದರು. ಎಲ್ಲರಿಗೂ ಮೂರು ಎಸೆತ, ಆಮೇಲೆ ಮುಂದಿರುವ ಎಂಟು ಮಂದಿಗೆ ಇನ್ನೂ ಮೂರು. ಈ ಆರರಲ್ಲಿ ಅತಿ ದೂರದ ಒಂದೇ ಎಸೆತ ಲೆಕ್ಕಕ್ಕೆ. ಕೂಡಿಸುವುದಿಲ್ಲ, ಸರಾಸರಿಯೂ ಇಲ್ಲ. 2024ರ ಆಗಸ್ಟ್ 8ರ ರಾತ್ರಿ ನೀರಜ್ ಅವರ ಐದು ಎಸೆತ ಫೌಲ್ ಆದವು. ಉಳಿದದ್ದು ಎರಡನೆಯದೊಂದೇ, 89.45 ಮೀಟರ್. ಬೆಳ್ಳಿಗೆ ಅಷ್ಟು ಸಾಕಾಯಿತು. ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು.

ಒಂದೇ ಎಸೆತ ಲೆಕ್ಕಕ್ಕೆ ಬರುವುದರಿಂದ, ಕೈಬಿಟ್ಟ ಕ್ಷಣದಲ್ಲೇ ‘ಇದು ದೂರ ಹೋಗಲ್ಲ’ ಅಂತ ಗೊತ್ತಾದರೆ ಎಸೆತಗಾರ ಆರಾಮವಾಗಿ ಗೆರೆ ದಾಟಿಬಿಡುತ್ತಾನೆ. ನಷ್ಟವೇನಿಲ್ಲ. ಕಡಿಮೆ ದೂರವೊಂದು ಹಲಗೆಯ ಮೇಲೆ ಬರುವುದು ತಪ್ಪಿತು, ಅಷ್ಟೆ. ಅಧಿಕಾರಿ ಕೆಂಪು ಬಾವುಟ ಎತ್ತಿದರೆ ಫೌಲ್, ಬಿಳಿ ಎತ್ತಿದರೆ ಸರಿ.

ನಿಜವಾದ ಫೌಲ್‌ಗಳಿಗೆ ಕಾರಣ ಬೇರೆ. ದೂರ ಅಳೆಯುವುದು ಎಸೆದವನ ಕಾಲಿನಿಂದಲ್ಲ, ಗೆರೆಯ ಒಳಅಂಚಿನಿಂದ. ಗೆರೆಗೆ ಎರಡು ಮೀಟರ್ ಮೊದಲೇ ನಿಂತು ಎಸೆದರೆ ಆ ಎರಡು ಮೀಟರ್ ದಂಡ. ಹಾಗಂತ ಗೆರೆಗೆ ಅಂಟಿಕೊಂಡು ಎಸೆದರೆ ಓಡಿ ಬಂದ ರಭಸ ಮೈಯನ್ನು ಆಚೆಗೆ ತಳ್ಳುತ್ತದೆ. ಪೂರ್ತಿ ವೇಗದಲ್ಲಿ ಬಂದವನಿಗೆ ನಿಲ್ಲಲು ಒಂದೂವರೆ, ಎರಡು ಮೀಟರ್ ಬೇಕೇ ಬೇಕು. ಆಟ ಇರುವುದೇ ಆ ಒಂದೂವರೆ ಮೀಟರ್‌ನಲ್ಲಿ. ಇದಲ್ಲದೆ ಈಟಿಯ ಲೋಹದ ತಲೆ ಮೊದಲು ನೆಲ ಮುಟ್ಟಬೇಕು, ಬಾಲ ಮೊದಲು ತಾಗಿದರೆ ಎಸೆತ ಹೋಯಿತು. ಎರಡೂ ಬದಿಯ ಬಿಳಿ ಗೆರೆಗಳೊಳಗೆ ಬೀಳಬೇಕು. ಈಟಿ ಬೀಳುವ ಮುಂಚೆ ಓಟದ ದಾರಿ ಬಿಟ್ಟು ಹೊರಡುವಂತಿಲ್ಲ.

ಮುಂದಿನ ಸಲ ಈಟಿಯ ಹಿಂದೆ ಕಣ್ಣು ಓಡಿಸಬೇಡಿ, ಕಾಲು ನೋಡಿ. ಬಲಗೈ ಎಸೆತಗಾರನ ಎಡಗಾಲು ಕೊನೆಯ ಹೆಜ್ಜೆಯಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತರೆ ಓಟದ ವೇಗವೆಲ್ಲ ಸೊಂಟ, ಭುಜ ಹತ್ತಿ ಕೈಗೆ ಬರುತ್ತದೆ. ಮಂಡಿ ಮಡಚಿಕೊಂಡರೆ ವೇಗ ಅಲ್ಲೇ ಸೋರಿತು ಎಂದೇ ಅರ್ಥ. ನಿಧಾನಗತಿಯ ಮರುಪ್ರಸಾರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ದೂರ ಹಲಗೆಗೆ ಬರುವ ಮೊದಲೇ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡಬಹುದು.

ಗಂಡಸರ ಈಟಿ 800 ಗ್ರಾಂ, ಹೆಂಗಸರದು 600. ‘ಹಿಂದೆ ನೂರು ಮೀಟರ್ ಎಸೆಯುತ್ತಿದ್ದರಂತೆ, ಈಗಿನವರಿಗೇನಾಗಿದೆ’ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಇದು: 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಆ ಕಾಲದ ಈಟಿ ತೇಲಿಕೊಂಡು ಹೋಗಿ ಎಷ್ಟೋ ಸಲ ಮಲಗಿದಂತೆ ಬೀಳುತ್ತಿತ್ತು, ಗುರುತು ಹಾಕುವುದೇ ತಕರಾರಾಗುತ್ತಿತ್ತು. 1986ರಿಂದ ಗಂಡಸರ ಈಟಿಯ ಭಾರಕೇಂದ್ರವನ್ನು 4 ಸೆಂ.ಮೀ. ಮುಂದಕ್ಕೆ ತಂದರು. ಈಗ ಮೂತಿ ಬೇಗ ಕೆಳಗಿಳಿಯುತ್ತದೆ. ಹೊಸ ಈಟಿಯ ದಾಖಲೆಯನ್ನು ಹಳೆಯದರ ಜೊತೆ ಹೋಲಿಸುವಂತಿಲ್ಲ.

ಪ್ರಶ್ನೆ: ರೇಷ್ಮೆ ಹುಳು ಸಾಕುವವರು ನಾವು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಸೊಪ್ಪು ಹಾಕಲೇಬೇಕು. ಫುಟ್‌ಬಾಲ್ ವಿಶ್ವಕಪ್ ಅಮೆರಿಕದಲ್ಲಿ ಅಂದರೆ ನಮಗೆ ಯಾವ ಹೊತ್ತಿಗೆ? ಎಲ್ಲ ಮ್ಯಾಚ್ ನೋಡೋಕಾಗಲ್ಲ, ಯಾವುದು ಬಿಡಬಾರದು? ಆಫ್‌ಸೈಡ್ ಅಂದರೇನು ಅಂತಲೂ ಒಂದು ಮಾತು ಹೇಳಿ. – ಶಿಡ್ಲಘಟ್ಟ ತಾಲ್ಲೂಕಿನ ಓದುಗರು

ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಲಾಸ್ ಏಂಜಲೀಸ್ ಹನ್ನೆರಡೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಕಡೆ ಮಧ್ಯಾಹ್ನ 12ಕ್ಕೆ ಶುರುವಾದರೆ ನಮಗೆ ರಾತ್ರಿ 9.30. ಅಲ್ಲಿ ಮಧ್ಯಾಹ್ನ 3 ಅಂದರೆ ನಮಗೆ ನಡುರಾತ್ರಿ 12.30. ಅಲ್ಲಿ ರಾತ್ರಿ 9 ಅಂದರೆ ಇಲ್ಲಿ ಬೆಳಿಗ್ಗೆ 6.30. ನಿಮಗೆ ಹೊಂದುವುದು ಒಂಬತ್ತೂವರೆಯದು ಮತ್ತು ಆರೂವರೆಯದು. ಒಂಬತ್ತೂವರೆಯ ಆಟದಲ್ಲಿ ಮೊದಲರ್ಧ 10.15 ದಾಟಿ ಮುಗಿಯುತ್ತದೆ, ಆಮೇಲೆ 15 ನಿಮಿಷ ವಿರಾಮ. ಕಡ್ಡಿ ಸಮೇತ ಸೊಪ್ಪು ಹಾಕುವ ಮನೆಯಾದರೆ ಅಷ್ಟರೊಳಗೆ ಒಂದಿಷ್ಟು ಕೆಲಸ ಮುಗಿದೀತು. ಬಿಡಿ ಎಲೆ ಹಾಕುವವರು ಮೊದಲೇ ಮುಗಿಸಿ ಕೂರುವುದು ಕ್ಷೇಮ. ಹುಳು ಕಾಯುವುದಿಲ್ಲ, ಗೋಲನ್ನು ಮತ್ತೆ ತೋರಿಸುತ್ತಾರೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ, ಜುಲೈ 14ರಿಂದ 30ರವರೆಗೆ. ಆ ಹನ್ನೆರಡೂವರೆ ಗಂಟೆಯ ಲೆಕ್ಕವನ್ನು ಗೋಡೆಗೆ ಬರೆದಿಟ್ಟುಕೊಳ್ಳಿ.

2026ರಿಂದ ವಿಶ್ವಕಪ್‌ಗೆ 48 ತಂಡ, 104 ಪಂದ್ಯ. ನಾಲ್ಕು ತಂಡಗಳ 12 ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು, ಜೊತೆಗೆ ಮೂರನೇ ಸ್ಥಾನದಲ್ಲಿದ್ದವರ ಪೈಕಿ ಎಂಟು ತಂಡ ಸೇರಿ 32 ತಂಡ ಮುಂದಕ್ಕೆ. ಗುಂಪಿನ ಮೊದಲೆರಡು ಸುತ್ತು ಬಿಟ್ಟರೂ ನಡೆಯುತ್ತದೆ. ಮೂರನೇ ಸುತ್ತು ಬಿಡಬೇಡಿ. ಒಂದೇ ಗುಂಪಿನ ಎರಡೂ ಪಂದ್ಯ ಏಕಕಾಲಕ್ಕೆ ಶುರುವಾಗುತ್ತವೆ, ಒಂದು ಕಡೆ ಗೋಲಾದರೆ ಇನ್ನೊಂದು ಕಡೆಯವರ ಹಣೆಬರಹ ಬದಲಾಗುತ್ತದೆ. 1982ರಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ, ಅಲ್ಜೀರಿಯಾದ ಫಲಿತಾಂಶ ಮೊದಲೇ ತಿಳಿದಿದ್ದರಿಂದ, ಇಬ್ಬರಿಗೂ ಸಾಕಾಗುವ 1–0ಕ್ಕೆ ಸುಮ್ಮನೆ ಚೆಂಡು ತಳ್ಳಾಡಿ ಮುಗಿಸಿದ್ದವು. 1986ರಿಂದ ಈ ಏಕಕಾಲದ ನಿಯಮ ಬಂತು.

ಆಫ್‌ಸೈಡ್: ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ ನೀವು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್ ಜಾಗ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಕೈ, ತೋಳು ಲೆಕ್ಕಕ್ಕಿಲ್ಲ. ಸುಮ್ಮನೆ ಅಲ್ಲಿ ನಿಂತದ್ದಕ್ಕೆ ತಪ್ಪಿಲ್ಲ, ಆಟಕ್ಕೆ ಕೈಹಾಕಿದರೆ ತಪ್ಪು. ಥ್ರೋ ಇನ್, ಕಾರ್ನರ್, ಗೋಲ್ ಕಿಕ್‌ಗೆ ಆಫ್‌ಸೈಡ್ ಇಲ್ಲ. ಎಲ್ಲರೂ ಎಡವುವುದು ಒಂದೇ ಕಡೆ: ಚೆಂಡು ತಲುಪಿದಾಗ ಎಲ್ಲಿದ್ದ ಅಂತ ನೋಡುತ್ತಾರೆ. ನೋಡಬೇಕಾದ್ದು ಒದ್ದಾಗ ಎಲ್ಲಿದ್ದ ಅಂತ. ಫುಟ್‌ಬಾಲ್ ಬಲ್ಲ ಕೆಜಿಎಫ್ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ ಅಂತ ಗೊತ್ತು, ಅವರು ಕ್ಷಮಿಸಬೇಕು.

ಪ್ರಶ್ನೆ: ನಮ್ಮದು ಕೇಬಲ್, ಅದರಲ್ಲಿ ಡಿಡಿಯೂ ಬರುತ್ತದೆ. ಆದರೆ ಇಂಡಿಯಾ ಮ್ಯಾಚ್ ದಿನ ನಮ್ಮ ಡಿಡಿಯಲ್ಲಿ ಬೇರೆ ಏನೋ ಓಡುತ್ತಿರುತ್ತದೆ, ಎದುರು ಮನೆಯ ಫ್ರೀ ಡಿಶ್‌ನಲ್ಲಿ ಮ್ಯಾಚ್! ಕೇಬಲ್‌ನವರು ನಮ್ಮ ಕೈಲಿಲ್ಲ ಅಂತಾರೆ. – ಗೃಹಿಣಿ, ಮಾಲೂರು

ಕೇಬಲ್‌ನವರು ನಿಜ ಹೇಳಿದ್ದಾರೆ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪಟ್ಟಿ ಮಾಡಿದ ಆಟಗಳ ನೇರಪ್ರಸಾರವನ್ನು ಖಾಸಗಿ ಚಾನೆಲ್‌ಗಳು ಡಿಡಿ ನಡೆಸುವ ಪ್ರಸಾರ ಭಾರತಿಗೆ ಕೊಡಬೇಕೆಂದು 2007ರ ಕಾನೂನು ಹೇಳುತ್ತದೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಭಾರತ ಪುರುಷರ ಏಕದಿನ ಮತ್ತು ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ, ಐಪಿಎಲ್ ಇಲ್ಲ. ಆದರೆ ಹಾಗೆ ಸಿಕ್ಕ ಪ್ರಸಾರವನ್ನು ಡಿಡಿ ತನ್ನದೇ ಫ್ರೀ ಡಿಶ್‌ನಲ್ಲಿ ಮತ್ತು ಭೂಪ್ರಸಾರದಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ನಲ್ಲಿ ಹರಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ನಿಮ್ಮ ಡಿಡಿಯಲ್ಲಿ ಬೇರೆ ಕಾರ್ಯಕ್ರಮ.

ವರ್ಷಕ್ಕೆ ನಾಲ್ಕಾರು ಪಂದ್ಯ ನೋಡುವ ಮನೆಗೆ ಫ್ರೀ ಡಿಶ್ ಸಾಕು ಎಂಬುದೇ ನಮ್ಮ ಅಭಿಪ್ರಾಯ. ಒಮ್ಮೆ ಡಿಶ್, ಬಾಕ್ಸ್, ತಂತಿ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಅಂತ ಕೇಳಿ ಕೊಳ್ಳಿ, ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರುವುದಿಲ್ಲ.

ಉಪಗ್ರಹ ಜಿಸ್ಯಾಟ್-15, ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಮೂರೂ ಜಿಲ್ಲೆಗಳಿಂದ ಅದು ಆಗ್ನೇಯ ದಿಕ್ಕಿಗೆ: ಉತ್ತರದಿಂದ ಎಣಿಸಿದರೆ 128ರಿಂದ 130 ಡಿಗ್ರಿ, ನೆಲದಿಂದ ಎತ್ತರ 65–66 ಡಿಗ್ರಿ. ಫೋನಿನ ದಿಕ್ಸೂಚಿ ಬಳಸುವುದಾದರೆ ತಗಡಿನ ಸೂರು, ಕಬ್ಬಿಣದ ಕಂಬದಿಂದ ದೂರ ನಿಂತು ದಿಕ್ಕು ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಮನೆಗೆ ಹಾಕುವ ಡಿಶ್‌ನ ಮೂತಿ ಮಧ್ಯದಿಂದ ಕೆಳಕ್ಕಿರುವುದರಿಂದ ತಟ್ಟೆ ಕಣ್ಣಿಗೆ ಸುಮಾರು 40 ಡಿಗ್ರಿಯಷ್ಟೇ ಮೇಲೆ ನೋಡಿದಂತೆ ಕಾಣುತ್ತದೆ. ಅದು ಸರಿಯೇ. ‘ಇನ್ನೂ ಆಕಾಶ ನೋಡಬೇಕು’ ಅಂತ ಮೇಲೆತ್ತಿದವರ ಸಿಗ್ನಲ್ ಹೋಗುತ್ತದೆ.

ತೆಂಗಿನಮರ ಅಡ್ಡವೇ ಅಂತ ಕೇಳುವವರು ಬಹಳ. ಉಪಗ್ರಹ ಎತ್ತರದಲ್ಲಿರುವುದರಿಂದ ಭಯ ಕಡಿಮೆ. ಡಿಶ್‌ಗಿಂತ 30 ಅಡಿ ಎತ್ತರದ ಗರಿ ಆ ದಿಕ್ಕಿನಲ್ಲಿ 14 ಅಡಿಯೊಳಗೆ ಇದ್ದರೆ ಮಾತ್ರ ಅಡ್ಡ. ಜೋರು ಮಳೆಯಲ್ಲಿ ಚಿತ್ರ ಹೋಗಿ ಮಳೆ ನಿಂತ ಮೇಲೆ ಬಂದರೆ ಅದು ಸಹಜ. ಮಳೆ ನಿಂತು ಗಂಟೆಯಾದರೂ ಬಾರದಿದ್ದರೆ ತಂತಿಯ ತುದಿಯ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ತುಕ್ಕು ಕಂಡರೆ ಒಂದಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪ್ ಸುತ್ತಿ. ವಿಶ್ವಕಪ್‌ಗೆ ಒಂದು ವಾರ ಮೊದಲು ಬಾಕ್ಸ್‌ನಲ್ಲಿ ಚಾನೆಲ್‌ಗಳನ್ನು ಮತ್ತೆ ಹುಡುಕಿಸಿ. ಫೈನಲ್ ದಿನ ಸಂಜೆ ಏಣಿ ಹತ್ತುವುದು ಬೇಡ.

ಪ್ರಶ್ನೆ: ಒಲಿಂಪಿಕ್ಸ್ ಪದಕಪಟ್ಟಿಯಲ್ಲಿ ನಾವು ಆರು ಪದಕ ಗೆದ್ದೂ ಒಂದೇ ಪದಕದ ಪಾಕಿಸ್ತಾನಕ್ಕಿಂತ ಕೆಳಗೆ. ನ್ಯಾಯವೇ? – ಚಿಂತಾಮಣಿ

ಪಟ್ಟಿ ಮೊದಲು ಚಿನ್ನ ಎಣಿಸುತ್ತದೆ, ಸಮವಾದರೆ ಬೆಳ್ಳಿ, ಆಮೇಲೆ ಕಂಚು. ಪ್ಯಾರಿಸ್‌ನಲ್ಲಿ ನಮಗೆ ಒಂದು ಬೆಳ್ಳಿ, ಐದು ಕಂಚು, 71ನೇ ಸ್ಥಾನ. ಟೋಕಿಯೊದಲ್ಲಿ ಬರೀ ಒಂದು ಪದಕ ಹೆಚ್ಚು, ಆದರೆ ಅದರಲ್ಲೊಂದು ಚಿನ್ನ ಇತ್ತು, 48ನೇ ಸ್ಥಾನ. ಈ ಶ್ರೇಯಾಂಕಕ್ಕೆ ಬಹುಮಾನವಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಕ್ರಿಕೆಟ್ ವಿಶ್ವಕಪ್‌ನಲ್ಲಿ ನೆಟ್ ರನ್‌ರೇಟ್ ನಾನೇ ಲೆಕ್ಕ ಹಾಕಿದರೆ ಟಿವಿಯಲ್ಲಿ ಬರುವುದಕ್ಕೆ ತಾಳೆಯಾಗುವುದಿಲ್ಲ. – ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ನೆಟ್ ರನ್‌ರೇಟ್ ಅಂದರೆ ನಾವು ಓವರಿಗೆ ಹೊಡೆದ ರನ್ನಿನಲ್ಲಿ ಓವರಿಗೆ ಬಿಟ್ಟುಕೊಟ್ಟ ರನ್ ಕಳೆದದ್ದು. ತಪ್ಪುವುದು ಮೂರು ಕಡೆ. ಒಂದು ಲೆಕ್ಕ ಹಾಕಿಯೇ ನೋಡೋಣ.

ಮೊದಲ ಟಿ20: ನಮ್ಮವರು 20 ಓವರ್‌ಗೆ 180. ಎದುರಾಳಿ 18.2 ಓವರ್‌ಗೆ 160ಕ್ಕೆ ಆಲೌಟ್. ಇಲ್ಲಿ 160ನ್ನು 18.2ರಿಂದ ಭಾಗಿಸಬಾರದು. ಆಲೌಟಾದರೆ ಪೂರ್ತಿ 20 ಓವರ್ ಆಡಿದಂತೆ ಲೆಕ್ಕ. ಅಂದರೆ 9.00ರಲ್ಲಿ 8.00 ಕಳೆದು +1.00.

ಎರಡನೆಯದು: ಎದುರಾಳಿ 20 ಓವರ್‌ಗೆ 120. ನಮ್ಮವರು 12.3 ಓವರ್‌ಗೆ 124 ಮಾಡಿ ಗೆದ್ದರು. 12.3 ಅಂದರೆ ಹನ್ನೆರಡು ಓವರ್, ಮೂರು ಚೆಂಡು, ಅಂದರೆ 12.5. ಕ್ಯಾಲ್ಕುಲೇಟರ್‌ಗೆ 12.3 ಅಂತಲೇ ಒತ್ತಿದರೆ ಎರಡನೇ ತಪ್ಪು. ಈ ಪಂದ್ಯದ್ದು 9.92ರಲ್ಲಿ 6.00 ಕಳೆದು +3.92.

ಈಗ ಎರಡರ ಸರಾಸರಿ ತೆಗೆದು 2.46 ಅಂದರೆ ಮೂರನೇ ತಪ್ಪು. ಎಲ್ಲ ಪಂದ್ಯಗಳ ರನ್ ಒಂದು ಕಡೆ, ಓವರ್ ಒಂದು ಕಡೆ ಕೂಡಿಸಬೇಕು. ಹೊಡೆದದ್ದು ಮೂವತ್ತೆರಡೂವರೆ ಓವರ್‌ಗೆ 304, ಅಂದರೆ 9.354. ಬಿಟ್ಟುಕೊಟ್ಟದ್ದು 40 ಓವರ್‌ಗೆ 280, ಅಂದರೆ 7.00. ಉತ್ತರ +2.354. ಬೇಗ ಗೆದ್ದ ಪಂದ್ಯದಲ್ಲಿ ಓವರ್ ಕಡಿಮೆ ಇರುವುದರಿಂದ ಅದರ ತೂಕವೂ ಕಡಿಮೆಯಾಗುತ್ತದೆ, ವ್ಯತ್ಯಾಸ ಬರುವುದು ಅಲ್ಲಿ.

ಪ್ರಶ್ನೆ: ಫೈನಲ್ ದಿನ ಊರ ಮುಂದಿನ ಬಯಲಲ್ಲಿ ಪರದೆ ಕಟ್ಟಿ ತೋರಿಸಬೇಕು ಅಂತ ನಮ್ಮ ಯುವಕ ಸಂಘದ ಆಸೆ. ಏನೇನು ಬೇಕು? – ಮುಳಬಾಗಿಲು ತಾಲ್ಲೂಕು

ಹತ್ತಡಿ ಅಗಲದ ಪರದೆಗೆ ಎತ್ತರ ಐದಡಿ ಏಳಿಂಚು ಇರಲಿ, ಟಿವಿ ಚಿತ್ರದ ಅಳತೆ ಅದೇ. ಬಿಳಿ ಪಂಚೆ ಕಟ್ಟಿದರೆ ಬೆಳಕು ಹಿಂದಕ್ಕೆ ಸೋರುತ್ತದೆ, ಫ್ಲೆಕ್ಸ್‌ನ ಬಿಳಿ ಹಿಂಬದಿ ವಾಸಿ. ಪ್ರೊಜೆಕ್ಟರ್ 3,500 ಲ್ಯೂಮೆನ್‌ಗೆ ಕಡಿಮೆ ಬೇಡ. ಬಾಡಿಗೆಗೆ ತರುವಾಗ ‘ಥ್ರೋ ರೇಶಿಯೊ’ ಎಷ್ಟು ಕೇಳಿ. 1.5 ಅಂದರೆ ಹತ್ತಡಿ ಚಿತ್ರಕ್ಕೆ ಹದಿನೈದಡಿ ದೂರ ಇಡಬೇಕು. ಕತ್ತಲಾಗುವ ಮುಂಚೆ ಶುರುವಾಗುವ ಪಂದ್ಯವಾದರೆ ಮೊದಲ ಭಾಗ ಮಸುಕಾಗೇ ಕಾಣುತ್ತದೆ, ಏನೂ ಮಾಡಲಾಗದು.

ಫೋನಿನ ಆ್ಯಪ್‌ನಿಂದ ತೋರಿಸಬೇಡಿ. ಇಂಟರ್ನೆಟ್ ಪ್ರಸಾರ ಚಿತ್ರವನ್ನು ತುಂಡು ತುಂಡು ಮಾಡಿ ಕಳಿಸಿ, ಒಂದಿಷ್ಟು ಕೂಡಿಟ್ಟುಕೊಂಡು ತೋರಿಸುವುದರಿಂದ ಡಿಶ್‌ಗಿಂತ ಅರ್ಧ ನಿಮಿಷದವರೆಗೂ ಹಿಂದೆ ಬೀಳಬಹುದು. ನಿಮ್ಮ ಪರದೆಯಲ್ಲಿ ಬೌಲರ್ ಓಡಿ ಬರುವಾಗಲೇ ಪಕ್ಕದ ಬೀದಿಯಲ್ಲಿ ಪಟಾಕಿ ಸಿಡಿದರೆ ಉಳಿಯುವುದೇನು? ಸದ್ದನ್ನು ತಂತಿಯಲ್ಲೇ ಆಂಪ್ಲಿಫೈಯರ್‌ಗೆ ಕೊಡಿ. ಬ್ಲೂಟೂತ್ ಆದರೆ ಬ್ಯಾಟಿನ ಸದ್ದು ತಡವಾಗಿ ಬರುತ್ತದೆ. ಎಚ್‌ಡಿಎಂಐ ತಂತಿ ಹತ್ತು ಮೀಟರ್ ಒಳಗಿರಲಿ.

ಕರೆಂಟು ಹೋದರೆ? ಪ್ರೊಜೆಕ್ಟರ್, ಆಂಪ್ಲಿಫೈಯರ್, ಬಾಕ್ಸ್ ಸೇರಿ ಸುಮಾರು 500 ವ್ಯಾಟ್. 150 ಎಎಚ್‌ನ ಒಂದು ಬ್ಯಾಟರಿ ಎರಡು ಗಂಟೆ ಎಳೆಯುತ್ತದೆ, ಟಿ20ಗೆ ಮೂರೂವರೆ ಗಂಟೆಗೂ ಹೆಚ್ಚು ಬೇಕು. ದೀಪದ ಪ್ರೊಜೆಕ್ಟರ್ ಧಿಡೀರ್ ಆರಿದರೆ ತಣ್ಣಗಾಗುವವರೆಗೆ ಕೆಲವು ನಿಮಿಷ ಮತ್ತೆ ಹೊತ್ತುವುದಿಲ್ಲ, ಆದ್ದರಿಂದ ಮೊದಲಿನಿಂದಲೇ ಇನ್ವರ್ಟರ್ ಮೂಲಕ ಓಡಿಸಿ. ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಮನೆಯ ಟಿವಿ ಸಂಪರ್ಕ ಮನೆಯ ಬಳಕೆಗೆ ಕೊಟ್ಟದ್ದು. ಬಹಿರಂಗವಾಗಿ ತೋರಿಸಲು ಪ್ರಸಾರದವರ ಅನುಮತಿ ಬೇಕು, ಟಿಕೆಟ್ ಇಡುವ ಯೋಚನೆಯನ್ನಂತೂ ಬಿಡಿ.

ಪ್ರಶ್ನೆ: ನಮ್ಮ ಭಾವ ಇಡೀ ವರ್ಷ ಒಂದು ಮ್ಯಾಚ್ ನೋಡಲ್ಲ. ಫೈನಲ್ ದಿನ ಬಂದು ಸೋಫಾ ಹಿಡಿದು ‘ಇವನ್ಯಾರು, ಅವನ್ಯಾಕೆ ಔಟು’ ಅಂತ ಪ್ರಾಣ ತಿಂತಾರೆ. ಇಂಥವರಿಗೆ ಏನು ಮಾಡೋದು ಸ್ವಾಮಿ? – ಬ್ಯಾಂಕ್ ಉದ್ಯೋಗಿ, ಚಿಕ್ಕಬಳ್ಳಾಪುರ

ಭಾವನವರ ಪರವಾಗಿಯೇ ನಮ್ಮ ಮತ. ಪ್ರಶ್ನೆ ಕೇಳುವವರು ಇನ್ನೂ ನೋಡುತ್ತಿದ್ದಾರೆ, ಫೋನ್ ತಿಕ್ಕುತ್ತಾ ಕೂತಿಲ್ಲ. ಕುಸ್ತಿ, ಬಿಲ್ಲುಗಾರಿಕೆ, ಈಟಿ ಎಸೆತಗಳಿಗೆ ನಮ್ಮಲ್ಲಿ ಜನ ಸೇರುವುದೇ ನಾಲ್ಕು ವರ್ಷಕ್ಕೊಮ್ಮೆ ಇಂಥ ಭಾವಂದಿರಿಂದ.

ಆಟ ಶುರುವಾಗುವ ಮೊದಲು ಅವರಿಗೆ ಮೂರೇ ವಿಷಯ ಹೇಳಿ: ಗೆಲ್ಲಲು ಎಷ್ಟು ಬೇಕು, ನಮ್ಮ ಕಡೆ ಇಬ್ಬರ ಹೆಸರು, ಎದುರಾಳಿಯಲ್ಲಿ ಭಯಪಡಬೇಕಾದ ಒಬ್ಬನ ಹೆಸರು. ನಿಯಮವನ್ನು ಮೊದಲೇ ಪಾಠ ಮಾಡಬೇಡಿ, ನಡೆದಾಗ ಒಂದು ವಾಕ್ಯದಲ್ಲಿ ಹೇಳಿ. ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ಮೂರು ಬಣ್ಣದ ಪಟ್ಟಿ ಬರುವಾಗ ‘ಚೆಂಡು ಎಲ್ಲಿ ಬಿತ್ತು, ಕಾಲಿಗೆ ಎಲ್ಲಿ ತಾಗಿತು, ವಿಕೆಟ್‌ಗೆ ಬಡಿಯುತ್ತಿತ್ತೇ’ ಎಂದಷ್ಟೇ ಹೇಳಿದರೆ ಸಾಕು, ಮುಂದಿನದನ್ನು ಅವರೇ ಕೂಗಿ ಹೇಳುತ್ತಾರೆ. ಕನ್ನಡ ವೀಕ್ಷಕ ವಿವರಣೆ ಹಾಕಿದರೆ ನಿಮ್ಮ ಅರ್ಧ ಕೆಲಸ ಅವರೇ ಮಾಡುತ್ತಾರೆ. ನಿಮ್ಮ ಅಂಕಿಅಂಶ ಪಾಂಡಿತ್ಯವನ್ನು ಮಾತ್ರ ಆ ದಿನ ಒಳಗಿಡಿ. 2011ರಲ್ಲಿ ಏನಾಯಿತು ಅಂತ ಶುರು ಮಾಡಿದರೆ ಅವರು ಎದ್ದು ಊಟಕ್ಕೆ ಹೋಗುತ್ತಾರೆ.

ಪ್ರಶ್ನೆ: ಟಿವಿ ಕಬಡ್ಡಿಯಲ್ಲಿ ‘ಕಬಡ್ಡಿ ಕಬಡ್ಡಿ’ ಉಸಿರಿಗಿಂತ ಗಡಿಯಾರವೇ ದೊಡ್ಡದಾಗಿದೆಯಲ್ಲ? – ಪಾವಗಡ

ಹೌದು, ಒಂದು ರೈಡ್‌ಗೆ 30 ಸೆಕೆಂಡ್. ಕಬಡ್ಡಿ ಅನ್ನುತ್ತಲೇ ಇರಬೇಕು, ಆದರೆ ಉಸಿರು ಉಳಿದಿದ್ದರೂ ಸಮಯ ಮುಗಿದರೆ ಔಟ್. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತಾರದಿದ್ದರೆ ಔಟ್. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಗೆರೆಗೆ ಬೆಲೆ. ಮೂರೇ ಜನ ಅಥವಾ ಅದಕ್ಕೂ ಕಡಿಮೆ ಉಳಿದು ರೈಡರ್‌ನನ್ನು ಹಿಡಿದರೆ ಒಂದಕ್ಕೆ ಎರಡು ಅಂಕ. ಸೋಲುತ್ತಿರುವ ತಂಡ ಥಟ್ಟನೆ ಮೇಲೆ ಬರುವುದು ಇದರಿಂದ.

ಪ್ರಶ್ನೆ: ಒಲಿಂಪಿಕ್ಸ್ ಮುಗಿದ ಮೇಲೆ ನೀರಜ್ ಅವರಂಥವರು ಎಲ್ಲಿ ಹೋಗುತ್ತಾರೆ? ನಡುವೆ ನೋಡಬೇಕು ಅಂದರೆ? – ಗುಬ್ಬಿ, ಕೋಲಾರದ ಇಬ್ಬರು ಓದುಗರು

ಎಸೆಯುತ್ತಲೇ ಇರುತ್ತಾರೆ, ನಾವು ನೋಡುವುದಿಲ್ಲ ಅಷ್ಟೆ. ಡೈಮಂಡ್ ಲೀಗ್ ಸುಮಾರಾಗಿ ಮೇಯಿಂದ ಆಗಸ್ಟ್ ಕೊನೆಯವರೆಗೆ ಊರೂರು ಸುತ್ತುತ್ತದೆ. ನೀರಜ್ 90 ಮೀಟರ್ ದಾಟಿದ್ದು ಒಲಿಂಪಿಕ್ಸ್‌ನಲ್ಲಲ್ಲ, 2025ರ ಮೇ ತಿಂಗಳ ದೋಹಾ ಡೈಮಂಡ್ ಲೀಗ್‌ನಲ್ಲಿ, 90.23 ಮೀಟರ್. ಆ ದಿನವೂ ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದು ಮೊದಲಿಗರಾದರು. ಅದೇ ವರ್ಷ ಜುಲೈ 5ರಂದು ನೀರಜ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ 86.18 ಎಸೆದು ಗೆದ್ದರು. ನಿಮ್ಮಿಬ್ಬರಿಗೂ ಎರಡು ಗಂಟೆಯ ಹಾದಿ.

ಇನ್ನೊಮ್ಮೆ ಅಂಥದ್ದು ಬಂದರೆ ಗುಬ್ಬಿಯವರು ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗದ ಮೆಟ್ರೊ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಕೋಲಾರದವರು ಬಸ್ಸಿನಲ್ಲಿ ಕೆ.ಆರ್.ಪುರಕ್ಕೆ ಬಂದು ಅದೇ ಮೆಟ್ರೊ ಹತ್ತಬಹುದು. ಕಬ್ಬನ್ ಪಾರ್ಕ್‌ನಿಂದ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಎಸೆಯುವ ಗೆರೆಯ ಪಕ್ಕದ ಸೀಟಿಗೆ ಮುಗಿಬೀಳಬೇಡಿ, ಅಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಈಟಿ ಬೀಳುವ ಜಾಗಕ್ಕೆ ಪಕ್ಕದ, ಗೆರೆಯಿಂದ ಅರವತ್ತು ಎಪ್ಪತ್ತು ಮೀಟರ್ ದೂರದ ಸ್ಟ್ಯಾಂಡಿನಲ್ಲಿ ಮೇಲಿನ ಸಾಲು ಹಿಡಿಯಿರಿ. ಈಟಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು ಟಿವಿಯಲ್ಲಿ ಗೊತ್ತೇ ಆಗುವುದಿಲ್ಲ. ಟೋಪಿ, ನೀರು ಇರಲಿ, ಟಿಕೆಟ್ ಹಿಂದೆ ಏನೇನು ಒಳಗೆ ಬಿಡುವುದಿಲ್ಲ ಎಂದು ಬರೆದದ್ದನ್ನು ಮನೆಯಲ್ಲೇ ಓದಿಕೊಂಡು ಹೊರಡಿ.